ತೊಟ್ಟಿಮನೆಗೆ ಕೆಂಪು ಸಿಲಿಂಡರ್ ಒಂದೇ ಸಾಲದು

ಮಾನ್ಯ ಸಂಪಾದಕರೇ,

ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಹಳೆ ತೊಟ್ಟಿಮನೆಗಳು ಒಂದೊಂದಾಗಿ ಹೋಂಸ್ಟೇ ಆಗುತ್ತಿವೆ. ಬಚ್ಚಲಿಗೆ ಟೈಲ್ಸ್, ಕೋಣೆಗೊಂದು ಗೀಸರ್, ಕಂಬಗಳಿಗೆ ಪಾಲಿಶ್ ಎಲ್ಲ ಆದಮೇಲೆ ಬಾಗಿಲ ಪಕ್ಕ ಬೆಂಕಿ ಆರಿಸುವ ಒಂದು ಕೆಂಪು ಸಿಲಿಂಡರ್ ನೇತುಹಾಕಿ ಬೆಂಕಿಯ ಲೆಕ್ಕ ಮುಗಿಸುತ್ತಾರೆ. ಇಂಥ ಮನೆಗಳಲ್ಲಿ ಅಗ್ನಿಸುರಕ್ಷೆಯ ಕೆಲಸ ಮಾಡುವ ನಮ್ಮ ಪ್ರಕಾರ ದುಡ್ಡು ಮೊದಲು ಹೋಗಬೇಕಾದ್ದು ವೈರಿಂಗಿಗೆ ಮತ್ತು ಅಟ್ಟಕ್ಕೆ.

ನೋಡಿದವರು ಹೆದರುವುದು ಕಂಬ, ತೊಲೆಗಳಿಗೆ. ಆದರೆ ಗಟ್ಟಿ ಜಾತಿಯ ಮರ ನಿಮಿಷಕ್ಕೆ ಸುಮಾರು ಅರ್ಧ ಮಿಲಿಮೀಟರಿನಷ್ಟೇ ಇದ್ದಿಲಾಗುತ್ತಾ ಹೋಗುತ್ತದೆ. ಒಂದಡಿ ದಪ್ಪದ ಕಂಬ ಅರ್ಧ ಗಂಟೆ ಉರಿದರೂ ಒಳಗಿನ ತಿರುಳು ಭಾರ ಹೊತ್ತೇ ನಿಂತಿರುತ್ತದೆ. ಅದನ್ನು ಕಿತ್ತು ಕಬ್ಬಿಣದ ಗರ್ಡರ್ ಕೊಟ್ಟರೆ ಭದ್ರ ಎಂದುಕೊಳ್ಳುವುದು ಭ್ರಮೆ, 600 ಡಿಗ್ರಿಯ ಹೊತ್ತಿಗೆ ಕಬ್ಬಿಣದ ಬಲ ಅರ್ಧಕ್ಕಿಂತ ಕೆಳಗಿಳಿದಿರುತ್ತದೆ. ಬೇಗ ಸುಡುವುದು ಹಂಚಿನಡಿಯ ರೀಪು, ಪಕಾಸು, ಮುಚ್ಚಿಗೆಯ ತೆಳು ಹಲಗೆ. ಅವೆಲ್ಲ ಇರುವುದು ಅಟ್ಟದಲ್ಲಿ. ಅಟ್ಟವೋ, ನಡುವೆ ಒಂದು ಗೋಡೆಯೂ ಇಲ್ಲದೆ ಇಡೀ ಮನೆಯ ಮೇಲೆ ಹರಡಿರುತ್ತದೆ. ಒಣಹಾಳೆ, ಗೋಣಿಚೀಲ, ಹಳೆ ಹಾಸಿಗೆ ಎಲ್ಲಕ್ಕೂ ಅದೇ ಜಾಗ. ಮೊದಲು ಅದು ಖಾಲಿಯಾಗಲಿ. ಆಮೇಲೆ ಮೂರು ನಾಲ್ಕು ಅಂಕಣಕ್ಕೊಂದರಂತೆ (ಅಂಕಣವೆಂದರೆ ಎರಡು ತೊಲೆಗಳ ನಡುವಿನ ಜಾಗ) ಹಂಚಿನವರೆಗೂ ಕ್ಯಾಲ್ಸಿಯಂ ಸಿಲಿಕೇಟ್ ಹಲಗೆಯ ಅಡ್ಡಗೋಡೆ ಕಟ್ಟಬೇಕು. ನಮ್ಮ ಮಳೆಗಾಲದ ತೇವಕ್ಕೆ ಜಿಪ್ಸಂ ಬಾಳುವುದಿಲ್ಲ. ಪೈಪು, ವೈರು ತೂರಿದ ಸಂದಿಗಳಿಗೆ ಕಲ್ಲಿನ ಎಳೆಗಳ ಉಣ್ಣೆಯಂಥ ರಾಕ್‌ವೂಲ್ ತುಂಬಿ ಬೆಂಕಿ ತಡೆಯುವ ಸೀಲೆಂಟ್ ಹಚ್ಚಬೇಕು. ಕೆಲಸ ಬೇಗ ಮುಗಿಯಲೆಂದು ಹೊಡೆಯುವ ಪಿಯು (ಪಾಲಿಯುರೆಥೇನ್) ಫೋಮ್ ಬೆಂಕಿ ತಗುಲಿದರೆ ತಾನೂ ಹೊತ್ತಿ ಉರಿಯುವ ವಸ್ತು.

ವೈರಿಂಗಿನಲ್ಲಿ ಹಳೆ ಮರದ ಕೇಸಿಂಗ್ ಪಟ್ಟಿಯೊಳಗಿನ ರಬ್ಬರ್ ವೈರಿಗೆ ಹೊಸ ವೈರ್ ಗಂಟು ಹಾಕುವುದೇ ದೊಡ್ಡ ತಪ್ಪು. ಗಂಟು ಸಡಿಲವಾದರೆ ಅಲ್ಲಿ ಕಾಯುತ್ತದೆ. ಹರಿಯುವ ಕರೆಂಟು ಹೆಚ್ಚಾಗದ ಕಾರಣ, ಕರೆಂಟು ಮಿತಿ ಮೀರಿದಾಗ ತಾನಾಗಿ ಬೀಳುವ ಸ್ವಿಚ್ಚಾದ ಎಂಸಿಬಿಗೆ ಗೊತ್ತೇ ಆಗುವುದಿಲ್ಲ. ಹಳೆಯದನ್ನು ಪೂರ್ತಿ ತೆಗೆಸಿ. ಪ್ಲಗ್ಗುಗಳಿಗೆ 2.5 ಚದರ ಮಿ.ಮೀ. ವೈರ್, 16 ಆಂಪಿಯರ್ ಎಂಸಿಬಿ. ಪ್ರತಿ ಗೀಸರಿಗೂ ಪ್ರತ್ಯೇಕ 4 ಚದರ ಮಿ.ಮೀ. ವೈರ್, 20 ಆಂಪಿಯರ್ ಎಂಸಿಬಿ. ಅಟ್ಟದಲ್ಲಿ ಇಲಿ, ಹೆಗ್ಗಣ ಕಡಿಯುವುದರಿಂದ ವೈರ್ ಹಾಯಿಸುವ ಕೊಳವೆ ಕಬ್ಬಿಣದ ಕಾಂಡ್ಯೂಟೇ ಆಗಬೇಕು. ಆಷಾಢದ ತೇವಕ್ಕೆ ಆರ್‌ಸಿಸಿಬಿ (ಕರೆಂಟು ಸೋರಿದರೆ ಬೀಳುವ ಸ್ವಿಚ್ಚು) ಪದೇಪದೇ ಬೀಳುತ್ತದೆಂದು ಅದನ್ನೇ ಬೈಪಾಸ್ ಮಾಡಿ ಹೋಗುವ ಎಲೆಕ್ಟ್ರಿಷಿಯನ್‌ಗಳಿದ್ದಾರೆ. ಇಡೀ ಮನೆಗೆ ಒಂದೇ ಹಾಕಿದ್ದರಿಂದ ಬರುವ ತೊಂದರೆ ಅದು. ಬಚ್ಚಲು, ಅಡುಗೆಮನೆ, ಕೋಣೆಗಳಿಗೆ ಬೇರೆ ಬೇರೆ 30 ಮಿಲಿಆಂಪಿಯರಿನದು ಹಾಕಿದರೆ ತೇವ ಎಲ್ಲಿದೆಯೆಂದೂ ತಿಳಿಯುತ್ತದೆ.

ಇನ್ನು ಮನೆ ನಡುವಿನ ತೆರೆದ ಅಂಗಳ, ಅಂದರೆ ತೊಟ್ಟಿ. ಮಳೆ ಒಳಗೆ ಬೀಳದಿರಲೆಂದು ಅದರ ಮೇಲೆ ಪಾಲಿಕಾರ್ಬೊನೇಟ್ ಶೀಟ್ ಬಿಗಿಯುತ್ತಾರೆ. ಹಿರಿಯರು ಬಿಟ್ಟ ಹೊಗೆಗಂಡಿ ಅಲ್ಲಿಗೆ ಮುಚ್ಚಿತು. ಹೊಗೆ ಮೇಲೆ ಹೋಗಲಾರದೆ ಸುತ್ತಿನ ಜಗಲಿಗೇ ಇಳಿಯುತ್ತದೆ, ಉಪ್ಪರಿಗೆಯಲ್ಲಿ ಮಲಗಿದವರಿಗೆ ಇಳಿಯಲು ಇರುವ ದಾರಿಯೂ ಅದೇ ಜಗಲಿ. ಶೀಟ್ ಬೇಕೇಬೇಕೆಂದರೆ ಅದನ್ನು ಮಾಡಿಗಿಂತ ಎರಡಡಿ ಎತ್ತರಿಸಿ, ನಾಲ್ಕೂ ಬದಿ ತೆರೆದಿಡಿ.

ಹೊಗೆ ಪತ್ತೆ ಮಾಡುವ ಡಿಟೆಕ್ಟರನ್ನು ಸೌದೆ ಒಲೆಯ ಹತ್ತಿರ ಹಾಕಿದರೆ ದಿನವೂ ಕೂಗುತ್ತದೆ, ವಾರದಲ್ಲಿ ಯಾರೋ ಅದರ ಬಾಯಿ ಮುಚ್ಚಿಸುತ್ತಾರೆ. ಅಡುಗೆಮನೆಗೆ, ಬಚ್ಚಲೊಲೆಗೆ ಶಾಖದ ಡಿಟೆಕ್ಟರ್ ಸರಿ. ಅಟ್ಟದಲ್ಲಿ ಹೊಗೆಯದನ್ನು ಮಾಡಿನ ನೆತ್ತಿಯ ಹತ್ತಿರ ಕೂರಿಸಬೇಕು. ಆಗುಂಬೆಯಂಥ ಕಡೆ ಮಂಜು, ಹುಳ ಒಳಹೊಕ್ಕರೂ ಕೂಗುವುದರಿಂದ ಕೀಟ ತಡೆಯುವ ಜಾಲರಿ ಇರುವ ಮಾದರಿ ಕೊಳ್ಳಿ. ವೈರ್‌ಲೆಸ್ ಆದರೆ ಕೆತ್ತನೆ ಕೊರೆಯುವ ಪಾಪವೂ ತಪ್ಪುತ್ತದೆ. ಯಾವ ಡಿಟೆಕ್ಟರ್ ಕೂಗಿತೆಂದು ತೋರಿಸುವ ಪ್ಯಾನೆಲ್ಲಿನ ಮೇಲೆ ‘ಜೋನ್ 3’ ಎಂದಿರಬಾರದು. ‘ನಡುಮನೆ ಅಟ್ಟ’, ‘ದೇವರಕೋಣೆ’ ಎಂದು ಕನ್ನಡದಲ್ಲಿ ಬರೆಸಿ. 2019ರ ಏಪ್ರಿಲ್ 15ರಂದು ಪ್ಯಾರಿಸ್ಸಿನ ಹಳೆಯ ನೋತ್ರ್ ದಾಮ್ ಚರ್ಚಿಗೆ ಬೆಂಕಿ ಬಿದ್ದಾಗ ಅಲಾರಂ ಕೂಗಿದ್ದು ಸರಿಯಾಗಿಯೇ. ಕಾವಲುಗಾರ ಹೋಗಿ ನೋಡಿದ್ದು ಬೇರೆ ಅಟ್ಟವನ್ನು, ಅಷ್ಟರಲ್ಲಿ ಅಮೂಲ್ಯ ಸಮಯ ಕಳೆದಿತ್ತು.

ನೀರಿನ ವಿಚಾರದಲ್ಲಿ ಮಲೆನಾಡಿಗೆ ಗುಡ್ಡವೇ ಅನುಕೂಲ. ಬೆಂಕಿ ಬಿದ್ದಾಗ ಕರೆಂಟಿರುವ ಭರವಸೆಯಿಲ್ಲ, ಪಂಪು ನೆಚ್ಚಬೇಡಿ. ಮನೆಯಿಂದ 20 ಮೀಟರ್ ಎತ್ತರದ ದರೆಯ ಮೇಲೆ ಟ್ಯಾಂಕ್ ಇಟ್ಟರೆ 2 ಬಾರ್ ಒತ್ತಡ ತಾನಾಗಿ ಸಿಗುತ್ತದೆ. ರಾಟೆಗೆ ಸುತ್ತಿಟ್ಟ 30 ಮೀಟರ್ ಉದ್ದದ ಪೈಪಿನಲ್ಲಿ, ಅಂದರೆ ಹೋಸ್ ರೀಲಿನಲ್ಲಿ, ಅರ್ಧ ಬಾರ್ ಕಳೆದುಹೋದರೂ 6.5 ಮಿ.ಮೀ. ನಾಝಲ್‌ನಿಂದ ನಿಮಿಷಕ್ಕೆ 28 ಲೀಟರಿಗೆ ಕಡಿಮೆಯಿಲ್ಲದೆ ನೀರು ಬರುತ್ತದೆ. ಬೆಂಕಿಯ ಕಾವಿಗೆ ಮೇಲಿನಿಂದ ತಾನಾಗಿ ನೀರು ಸುರಿಸುವ ಸ್ಪ್ರಿಂಕ್ಲರ್ ಬೇಕೆನ್ನುವವರು ಗಮನಿಸಿ: ಸಿನಿಮಾದಂತೆ ಎಲ್ಲವೂ ಒಟ್ಟಿಗೆ ಸುರಿಯುವುದಿಲ್ಲ, 68 ಡಿಗ್ರಿಗೆ ಕೆಂಪು ಗಾಜಿನ ಬುಡ್ಡಿ ಒಡೆದದ್ದು ಮಾತ್ರ ಸುರಿಯುತ್ತದೆ. ಸಾಮಾನ್ಯ ಅಳತೆಯ (ಕೆ-80 ಎನ್ನುವ) ಸ್ಪ್ರಿಂಕ್ಲರ್ ಹೆಡ್ ಅರ್ಧ ಬಾರಿನಲ್ಲಿ ನಿಮಿಷಕ್ಕೆ 57 ಲೀಟರ್ ಕೊಡುತ್ತದೆ. ನಾಲ್ಕು ಹೆಡ್ ಅರ್ಧ ಗಂಟೆ ಸುರಿಯಲು ಹತ್ತಿರಹತ್ತಿರ 7,000 ಲೀಟರ್ ಬೇಕು. ಹೆಡ್ಡುಗಳಿಗೆ ನೀರು ಒಯ್ಯುವ ಒಂದು ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ನೀರು ಸೇರಿ ಮೀಟರಿಗೆ 3 ಕಿಲೋ ತೂಗುತ್ತದೆ. ಮಣ್ಣಿನ ಗೋಡೆಯಲ್ಲಿ ಆಂಕರ್ ಫಾಸ್ಟನರ್ ಹಿಡಿಯುವುದಿಲ್ಲವಾದ್ದರಿಂದ ಕ್ಲಾಂಪನ್ನು ತೊಲೆಯ ಪಕ್ಕಕ್ಕೆ ಸ್ಕ್ರೂ ಮಾಡಬೇಕು. ತೊಲೆ ಕೊರೆಯಲೇಬೇಕಾದರೆ ಅದರ ಎತ್ತರದ ನಟ್ಟನಡುವೆ ಕೊರೆಯಿರಿ, ಕೆಳಅಂಚಿಗೆ ಕೈ ಹಾಕಬೇಡಿ. ಎಳೆತವನ್ನು ತಾಳುವ ಭಾಗವದು. ನಮ್ಮ ಬಾವಿ ನೀರಿನಲ್ಲಿ ಕಬ್ಬಿಣದಂಶ ಹೆಚ್ಚು, ಟ್ಯಾಂಕಿನ ಬಾಯಲ್ಲಿ ಕಸ ಸೋಸುವ ಸ್ಟ್ರೈನರ್ ಇಲ್ಲದಿದ್ದರೆ ಕೆಂಪು ಗಸಿ ಹೆಡ್ಡುಗಳನ್ನು ಕಟ್ಟಿಬಿಡುತ್ತದೆ.

ಮರಕ್ಕೆ ಹಚ್ಚುವ ಅಗ್ನಿನಿರೋಧಕ ವಾರ್ನಿಶ್ ಬಗ್ಗೆ ಮಾರಾಟಗಾರರು ಹೇಳದ ಒಂದು ಮಾತಿದೆ. ಗೆದ್ದಲಿಗೆಂದು ವರ್ಷಗಟ್ಟಲೆ ಗೇರೆಣ್ಣೆ ಬಳಿದ ಮರಕ್ಕೆ ಅದು ಅಂಟುವುದಿಲ್ಲ, ಮೊದಲ ಮಳೆಗಾಲಕ್ಕೇ ಸಿಪ್ಪೆ ಏಳುತ್ತದೆ. ಕಾಣದ ಮೂಲೆಯಲ್ಲಿ ಒಂದು ಚದರಡಿ ಹಚ್ಚಿ, ಒಂದು ಮಳೆಗಾಲ ಕಾದು ನೋಡಿ.

ಹೋಂಸ್ಟೇ ಅನುಮತಿಗೆ ಮುನ್ನ ಪರಿಶೀಲನೆಗೆ ಬರುವ ಅಧಿಕಾರಿಗಳು ಸಿಲಿಂಡರಿನ ಚೀಟಿ ನೋಡಿ ಹಿಂದಿರುಗದೆ ಅಟ್ಟ ಹತ್ತಬೇಕು, ಹೋಸ್ ರೀಲ್ ಬಿಡಿಸಿ ನೀರು ಬರುತ್ತದೆಯೇ ನೋಡಬೇಕು. ಪ್ಲಂಬರ್ ರಿಪೇರಿಗೆಂದು ಮುಚ್ಚಿದ ವಾಲ್ವನ್ನು ತೆರೆಯಲು ಮರೆತಿರುವುದು ಅಲ್ಲೇ ಸಿಕ್ಕಿಬೀಳುತ್ತದೆ.

ಇಂತಿ,
ಹಳೆ ಕಟ್ಟಡಗಳ ಅಗ್ನಿಸುರಕ್ಷೆಯ ಕೆಲಸಗಾರರು, ಶಿವಮೊಗ್ಗ