ಟ್ಯಾಸ್ಮೇನಿಯಾ ಹುಲಿ ಕಂಡಿತೆಂಬ ಸುದ್ದಿಗಳ ಬಗ್ಗೆ

ಮಾನ್ಯ ಸಂಪಾದಕರೇ,

ಮೈಯ ಹಿಂಭಾಗದಲ್ಲಿ ಪಟ್ಟೆಗಳಿದ್ದ, ನೋಟಕ್ಕೆ ನಾಯಿಯಂತಿದ್ದರೂ ಕಾಂಗರೂವಿನ ಹಾಗೆ ಹೊಟ್ಟೆಯ ಚೀಲದಲ್ಲಿ ಮರಿ ಸಾಕುತ್ತಿದ್ದ, ಆಸ್ಟ್ರೇಲಿಯಾದ ದ್ವೀಪ ರಾಜ್ಯವಾದ ಟ್ಯಾಸ್ಮೇನಿಯಾದ ಹುಲಿ, ಅಂದರೆ ಥೈಲಸೀನ್, ಇನ್ನೂ ಬದುಕಿದೆ ಎಂಬ ಸುದ್ದಿ ಆಗಾಗ ಅಚ್ಚಾಗುತ್ತಲೇ ಇರುತ್ತದೆ. ಯಾರೋ ಕಂಡರೆಂಬಲ್ಲಿಗೆ ಸುದ್ದಿ ಮುಗಿಯುತ್ತದೆ. ಮುಂದೇನಾಯಿತು ಎಂಬುದು ಓದುಗರಿಗೆ ತಲುಪುವುದೇ ಅಪರೂಪ.

ಕಂಡೆವೆಂದವರೆಲ್ಲ ಸುಳ್ಳು ಹೇಳುತ್ತಾರೆಂದು ನನ್ನ ವಾದವಲ್ಲ. 1982ರ ಮಾರ್ಚ್ ತಿಂಗಳ ಒಂದು ಮಳೆಯ ರಾತ್ರಿ, ಟ್ಯಾಸ್ಮೇನಿಯಾದ ವಾಯವ್ಯ ಭಾಗದಲ್ಲಿ ವಾಹನದೊಳಗೆ ಮಲಗಿದ್ದ ಹಾನ್ಸ್ ನಾರ್ಡಿಂಗ್ ಎಂಬ ಅನುಭವಿ ವನ್ಯಜೀವಿ ಅಧಿಕಾರಿ, ದೀಪದ ಬೆಳಕಿನಲ್ಲಿ ಈ ಪ್ರಾಣಿಯನ್ನು ಕಂಡು ಅದರ 12 ಪಟ್ಟೆಗಳನ್ನು ಎಣಿಸಿದುದಾಗಿ ವರದಿ ಕೊಟ್ಟರು. ಅಂಥವರ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದೆ, ಸರ್ಕಾರ ವಿಷಯವನ್ನು ಗುಟ್ಟಾಗಿಟ್ಟು ಆ ಪ್ರದೇಶದಲ್ಲಿ ಬಹುಕಾಲ ಹುಡುಕಿಸಿತು. ಖಚಿತವಾದ ಒಂದು ಕುರುಹೂ ಸಿಗಲಿಲ್ಲ. ಈ ಪ್ರಾಣಿ ಬದುಕಿದೆಯೆಂದು ಸಾಬೀತುಪಡಿಸುವವರಿಗೆ 2005ರಲ್ಲಿ ಆಸ್ಟ್ರೇಲಿಯಾದ ನಿಯತಕಾಲಿಕವೊಂದು ಘೋಷಿಸಿದ 12.5 ಲಕ್ಷ ಡಾಲರ್ ಬಹುಮಾನವನ್ನು ಪಡೆಯಲು ಯಾರಿಂದಲೂ ಆಗಲಿಲ್ಲ. 2021ರಲ್ಲಿ ಮರಿಯೂ ಸೇರಿದಂತೆ ಇಡೀ ಕುಟುಂಬವೇ ಕ್ಯಾಮೆರಾಗೆ ಸಿಕ್ಕಿದೆಯೆಂಬ ಘೋಷಣೆ ಜಗತ್ತನ್ನೆಲ್ಲ ಸುತ್ತಿತು. ಚಿತ್ರಗಳನ್ನು ಪರಿಶೀಲಿಸಿದ ತಜ್ಞ ನಿಕ್ ಮೂನಿ, ಅವು ಬಹುಮಟ್ಟಿಗೆ ಕಾಂಗರೂ ಜಾತಿಯ ಪುಟ್ಟ ಪ್ರಾಣಿಯಾದ ಪ್ಯಾಡಿಮೆಲನ್‌ಗಳೆಂದರು. ಈ ಎರಡನೆಯ ಸುದ್ದಿ ಅಷ್ಟು ದೂರ ಹೋಗಲಿಲ್ಲ.

ನನಗೆ ಎಲ್ಲಕ್ಕಿಂತ ಬಲವಾಗಿ ತೋರುವ ಸಾಕ್ಷ್ಯ ಬೇರೆಯೇ ಇದೆ. ಟ್ಯಾಸ್ಮೇನಿಯಾದ ರಸ್ತೆಗಳಲ್ಲಿ ವಾಹನಗಳಿಗೆ ಸಿಕ್ಕಿ ಸಾಯುವ ಕಾಡುಪ್ರಾಣಿಗಳು ಲೆಕ್ಕವಿಲ್ಲದಷ್ಟು. ರಾತ್ರಿ ಸಂಚರಿಸುವ ಟ್ಯಾಸ್ಮೇನಿಯನ್ ಡೆವಿಲ್ ಎಂಬ ಮಾಂಸಾಹಾರಿ ಪ್ರಾಣಿಗಳೂ ಅದರಲ್ಲಿ ಸೇರಿವೆ. ಇಷ್ಟು ದಶಕಗಳಲ್ಲಿ ಒಂದೇ ಒಂದು ಥೈಲಸೀನ್ ಕಳೇಬರವೂ ಆ ರಸ್ತೆಗಳಲ್ಲಿ ದೊರೆತಿಲ್ಲ.

1910ರಿಂದೀಚೆಗಿನ 1,237 ದಾಖಲೆಗಳನ್ನು ಒರೆಗೆ ಹಚ್ಚಿ 2023ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕಾಡಿನಲ್ಲಿ ಈ ಪ್ರಾಣಿ 1940ರಿಂದ 1970ರ ದಶಕದ ನಡುವೆ ಅಳಿದಿರಬಹುದೆಂದೂ, ಆಮೇಲೂ ಕೆಲಕಾಲ ಉಳಿದಿದ್ದ ಸಾಧ್ಯತೆ ಪೂರ್ತಿ ಇಲ್ಲವೆನ್ನಲಾಗದೆಂದೂ ಅಂದಾಜಿಸಿದೆ. ಆಶಾವಾದಿಗಳು ಹಿಡಿದುಕೊಳ್ಳುವುದು ಈ ಕೊನೆಯ ಮಾತನ್ನೇ. ಆದರೆ 1980ರ ದಶಕದಲ್ಲಿ ಒಂದೆರಡು ಉಳಿದಿದ್ದಿರಬಹುದು ಎನ್ನುವುದಕ್ಕೂ ಇಂದೂ ಇವೆ ಎನ್ನುವುದಕ್ಕೂ ಬಹಳ ಅಂತರವಿದೆ.

ಈ ಆಸೆಯ ಹಿಂದೆ ಪಾಪಪ್ರಜ್ಞೆಯೂ ಇರಬಹುದು. ಕುರಿಗಳನ್ನು ಕೊಲ್ಲುತ್ತದೆಂಬ ಆರೋಪದ ಮೇಲೆ 1888ರಿಂದ 1909ರವರೆಗೆ ಅಲ್ಲಿನ ಸರ್ಕಾರ 2,184 ಥೈಲಸೀನ್‌ಗಳ ಹತ್ಯೆಗೆ ಬಹುಮಾನ ಕೊಟ್ಟಿತು. ಅದೇ ಸರ್ಕಾರ ಕಾನೂನಿನ ಪೂರ್ಣ ರಕ್ಷಣೆ ಕೊಟ್ಟದ್ದು 1936ರ ಜುಲೈ 10ರಂದು. ಅಲ್ಲಿನ ರಾಜಧಾನಿ ಹೋಬಾರ್ಟ್‌ನ ಮೃಗಾಲಯದಲ್ಲಿದ್ದ ಕೊನೆಯ ಥೈಲಸೀನ್ ಅದಾದ 59 ದಿನಗಳಿಗೆ ಸತ್ತಿತು.

ಇನ್ನು ಮುಂದೆ ಇಂಥ ಸುದ್ದಿ ಬಂದಾಗ, ದೊರೆತದ್ದು ಬರೀ ಹೇಳಿಕೆಯೋ, ಚಿತ್ರವೋ, ಕೂದಲೋ, ಪರೀಕ್ಷಿಸಿದವರು ಯಾರು ಎಂಬ ಎರಡು ಸಾಲನ್ನು ಸೇರಿಸಬೇಕೆಂದೂ, ತಜ್ಞರು ಅದನ್ನು ಅಲ್ಲಗಳೆದರೆ ಆ ವಿಷಯಕ್ಕೂ ಅಷ್ಟೇ ಜಾಗ ಕೊಡಬೇಕೆಂದೂ ಕೋರುತ್ತೇನೆ.

ಇತಿ,
ತಮ್ಮ ಓದುಗ, ಧಾರವಾಡ