ಪುಟ್ಟಿಯ ಒಂದು ಸಾಲಿಗೆ ದೊಡ್ಡಪ್ಪನ ಉತ್ತರ

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಬಂದು ನಾಲ್ಕು ದಿನವಾಯ್ತು. ಮೂರು ಪುಟದಲ್ಲಿ ಎರಡೂವರೆ ಪುಟ, ಕಾದಂಬರಿ ಬರೆಯಲು ನೀನೇ ಮಾಡಿಕೊಳ್ಳುತ್ತಿರುವ ಸಾಫ್ಟ್‌ವೇರ್‌ಗೇ ಹೋಗಿದೆ. ದೃಶ್ಯಗಳನ್ನು ಇಸ್ಪೀಟೆಲೆ ಥರ ಹಿಂದೆ ಮುಂದೆ ಎಳೆಯಬಹುದು, ಒಂದೊಂದು ಪಾತ್ರಕ್ಕೆ ಒಂದೊಂದು ಬಣ್ಣ, ದಿನಕ್ಕೆ ಎಷ್ಟು ಪದ ಬರೆದೆ ಅಂತ ತೋರಿಸುವ ಗ್ರಾಫ್. ಓದಿ ಖುಷಿಯಾಯ್ತು, ಸುಳ್ಳು ಹೇಳಲ್ಲ. ಆದರೆ ಕೊನೆಯ ಪುಟದಲ್ಲಿ, ಬ್ಯಾಕ್‌ಸ್ಪೇಸ್ ಬಗ್‌ಗೂ ನಿನ್ನಮ್ಮನ ಮೊಣಕಾಲು ನೋವಿಗೂ ನಡುವೆ, ಒಂದು ಸಾಲು ತುರುಕಿದ್ದೀಯಲ್ಲ: "ಇದೆಲ್ಲ ರೆಡಿ ಮಾಡಿಕೊಂಡು ಬರೆಯೋಕೆ ಕೂತಾಗ ನನ್ನೊಳಗೆ ಕಥೆಯೇ ಇಲ್ಲದೆ ಹೋದರೆ, ದೊಡ್ಡಪ್ಪ?"

ಹಾಗೆಲ್ಲ ಆಗಲ್ಲ ಬಿಡು ಅಂತ ಮೊದಲ ದಿನವೇ ಬರೆದಿದ್ದೆ. ಆಮೇಲೆ ಹರಿದು ಹಾಕಿದೆ. ಯಾಕಂದ್ರೆ ನನಗೆ ಹಾಗೆ ಆಗಿದೆ.

ನಾನು ಕಾದಂಬರಿ ಶುರು ಮಾಡಿ ಅರ್ಧಕ್ಕೆ ಬಿಟ್ಟ ಕಥೆ ಮನೆಯವರಿಗೆಲ್ಲ ಗೊತ್ತು, ಅದು ಬೇಡ. ಯಾಕೆ ಬಿಟ್ಟೆ ಅನ್ನೋದನ್ನ ಯಾರಿಗೂ ಹೇಳಿಲ್ಲ. 1993. ಎಂಟು ಅಧ್ಯಾಯ ಕೈಯಲ್ಲಿ ಬರೆದಾಗಿತ್ತು. ಕಂಪ್ಯೂಟರ್‌ನಲ್ಲಿ ಕನ್ನಡ ಬರೆಯುವ ಪ್ರೋಗ್ರಾಂ ನಾನೇ ಮಾಡಿಕೊಳ್ಳೋಣ, ಆಮೇಲೆ ಉಳಿದದ್ದು ಸರಸರ ಬರೆಯಬಹುದು ಅನ್ನಿಸಿತು. ಗ್ರಾಫ್ ಹಾಳೆ ತಂದೆ. ಒಂದೊಂದು ಅಕ್ಷರಕ್ಕೂ ಉದ್ದ ಹದಿನಾರು ಅಗಲ ಹದಿನಾರು ಚೌಕ, ಪೆನ್ಸಿಲ್‌ನಲ್ಲಿ ತುಂಬುತ್ತಾ ಹೋಗೋದು. 'ಅ' ಒಂದೇ ಸಂಜೆಯಲ್ಲಿ ಆಯ್ತು. ಒತ್ತಕ್ಷರಗಳು ಜೀವ ತಿಂದವು. ಹದಿನಾರು ಚೌಕದೊಳಗೆ 'ಷ' ಬರೆದು ಅದರ ಕೆಳಗೆ 'ಟ' ಕೂರಿಸು ನೋಡೋಣ. ಅದಕ್ಕೇ ಒಂದು ವಾರ. ಅರ್ಕಾವತ್ತು ಪಕ್ಕದ ಅಕ್ಷರದ ಮೇಲೆ ಹತ್ತಿ ಕೂರುತ್ತಿತ್ತು. ಅದಕ್ಕೆ ಇನ್ನೊಂದು ತಿಂಗಳು. ಎಷ್ಟು ಸಂತೋಷವಾಗಿದ್ದೆ ಗೊತ್ತಾ! ಬರೆಯುತ್ತಿಲ್ಲ ಅನ್ನೋದು ನೆನಪೇ ಆಗುತ್ತಿರಲಿಲ್ಲ. ದಿನಾ ಕಾದಂಬರಿಯ ಕೆಲಸವನ್ನೇ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ.

ಎರಡು ವರ್ಷ ಹೋಯ್ತು. ಪ್ರೋಗ್ರಾಂ ಓಡಿತು. ಎಂಟು ಅಧ್ಯಾಯ ಟೈಪ್ ಮಾಡಿದೆ, ಒಂಬತ್ತನೆಯದನ್ನು ಅದರಲ್ಲೇ ಬರೆದೆ, ಪ್ರಿಂಟ್ ತೆಗೆದೆ. "ಅವಳು ಚಿಲಕದ ಮೇಲೆ ಕೈ ಇಟ್ಟಳು." ಅಲ್ಲಿಗೆ ಅಧ್ಯಾಯ ಮುಗಿಯುತ್ತದೆ.

ಬಾಗಿಲ ಆಚೆ ಯಾರಿದ್ದರು ಅಂತ ಶುರುವಿನಲ್ಲಿ ನನಗೆ ಚೆನ್ನಾಗಿ ಗೊತ್ತಿತ್ತು ಪುಟ್ಟಿ. ಅದಕ್ಕೇ ತಾನೇ ಆ ಕಾದಂಬರಿ ಹಿಡಿದದ್ದು. ಹತ್ತನೆಯದಕ್ಕೆ ಕೂತಾಗ ಗೊತ್ತಿರಲಿಲ್ಲ. ಮರೆತು ಹೋಗಿತ್ತು ಅಂದ್ರೂ ಸರಿಯಲ್ಲ. ಯಾರು ಇರಬಹುದು ಅಂತ ಹತ್ತು ಜನರ ಹೆಸರು ಹೊಳೆಯಿತು, ಯಾರಿದ್ದರೂ ನಡೆಯುತ್ತೆ ಅನ್ನಿಸಿತು. ಭಯ ಆಗಿದ್ದು ಆಗ. ನಿನ್ನ ಸಾಲು ಓದಿದಾಗ ಮತ್ತೆ ಅದೇ ಆಯ್ತು.

ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ ಅವರ ಹೆಸರು ಹೇಳಿ ನನ್ನ ಬಾಯಿ ಮುಚ್ಚಿಸಲು ನೋಡಿದ್ದೀಯ. 1977ರಲ್ಲಿ ತಮ್ಮ ಪುಸ್ತಕದ ಎರಡನೇ ಸಂಪುಟದ ಹೊಸ ಆವೃತ್ತಿಯ ಪ್ರೂಫ್ ನೋಡಿ, ಅಕ್ಷರ ಅಸಹ್ಯವಾಗಿದೆ ಅಂತ ಬೇಸತ್ತು, ಅಚ್ಚುಮೊಳೆ ಜೋಡಿಸುವ ಸಾಫ್ಟ್‌ವೇರ್ ತಾವೇ ಬರೆಯಲು ಕೂತರು. ಬೇಗ ಮುಗಿಯುತ್ತೆ ಅಂದುಕೊಂಡದ್ದು ಸುಮಾರು ಹತ್ತು ವರ್ಷ ತಿಂದಿತು. ಟೆಕ್ (TeX) ಅನ್ನೋ ಆ ಸಾಫ್ಟ್‌ವೇರ್ ಇವತ್ತಿಗೂ ಗಣಿತದವರ ಕೈಯಲ್ಲಿದೆ, ನಿಜ. ಆದರೆ ಅವರು ಕೈ ಹಾಕುವ ಹೊತ್ತಿಗೆ ಮೂರು ಸಂಪುಟ ಅಚ್ಚಾಗಿ ಹೊರಗೆ ಬಂದಿದ್ದವು. ನಾಲ್ಕನೆಯದರ ಮೊದಲ ಭಾಗ ಪುಸ್ತಕವಾಗಿದ್ದು 2011ರಲ್ಲಿ. ಅವರ ವಿಷಯ ಅಷ್ಟು ವರ್ಷ ಕಾಯಿತು. ನನ್ನ ಕಥೆಯವಳು ಎರಡು ವರ್ಷ ಕಾಯಲಿಲ್ಲ. ನಿನ್ನವರು ಎಷ್ಟು ಕಾಯುತ್ತಾರೋ ನನಗೇನು ಗೊತ್ತು.

ಬೈಯುತ್ತಿದ್ದೇನೆ ಅಂದುಕೋಬೇಡ. ಅದರ ರುಚಿ ನನಗೆ ಗೊತ್ತು. ಬಗ್ ಸರಿಹೋಯ್ತಾ ಇಲ್ವಾ ಅಂತ ಒಂದೇ ನಿಮಿಷದಲ್ಲಿ ತಿಳಿಯುತ್ತದೆ. ಹದಿನೆಂಟನೇ ಅಧ್ಯಾಯ ಸರಿಯಾಯ್ತಾ ಅಂತ ಯಾರನ್ನ ಕೇಳ್ತೀಯ? 'ಕ್ಷ' ಅಳಿಸಲು ಮೂರು ಸಲ ಬ್ಯಾಕ್‌ಸ್ಪೇಸ್ ಒತ್ತಬೇಕು, ಕಣ್ಣಿಗೆ ಒಂದೇ ಅಕ್ಷರ, ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಕ, ಅದನ್ನು ಅರ್ಧಾಕ್ಷರ ಮಾಡುವ ಚಿಹ್ನೆ, ಷ ಅಂತ ಮೂರು, ಅದನ್ನು ಸರಿ ಮಾಡಲು ಹನ್ನೊಂದು ದಿನ ಕೂತೆ ಅಂದಿದ್ದೀಯ. ನಾನಾಗಿದ್ದರೂ ಕೂರುತ್ತಿದ್ದೆ. ಆದರೆ ಮೂರು ಸಲ ಒತ್ತಿದರೆ ಏನಾಯ್ತು? ಕಾದಂಬರಿಯಲ್ಲಿ ಎಷ್ಟು 'ಕ್ಷ' ಅಳಿಸ್ತೀಯ?

ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಆದರೂ ಒಂದೆರಡು ಮಾತು. ಬರೆದದ್ದೆಲ್ಲ ನಿನ್ನದೇ ಏನೋ ಫಾರ್ಮ್ಯಾಟ್‌ನಲ್ಲಿ ಕೂಡಿಡಬೇಡ, ಮಾಮೂಲಿ ಟೆಕ್ಸ್ಟ್ ಫೈಲ್‌ನಲ್ಲೂ ಒಂದು ಪ್ರತಿ ಇರಲಿ. ಯೂನಿಕೋಡ್‌ನ ಮೊದಲ ಆವೃತ್ತಿ 1991ರಲ್ಲೇ ಬಂದಿತ್ತು, ಕನ್ನಡಕ್ಕೂ ಜಾಗ ಇತ್ತು. ನನಗೆ ತಿಳಿಯದೆ 'ಅ'ಗೆ 1, 'ಆ'ಗೆ 2 ಅಂತ ನಾನೇ ಸಂಖ್ಯೆ ಕೊಟ್ಟುಕೊಂಡಿದ್ದೆ. ಹೋದ ವರ್ಷ ಆ ಫ್ಲಾಪಿ ಓದಿಸಿದಾಗ ಫೈಲ್ ಏನೋ ತೆರೆಯಿತು, ಪರದೆ ತುಂಬ ಚುಕ್ಕಿ ಗೆರೆ. ಅದನ್ನು ಬಿಡಿಸಲು ಒಂದು ಪ್ರೋಗ್ರಾಂ ಬರೆದರಾಯ್ತಲ್ಲ ಅಂತೀಯ. ನೋಡಿದೆಯಾ, ಮತ್ತೆ ಪ್ರೋಗ್ರಾಂ!

ಇನ್ನೊಂದು. ಸಾಫ್ಟ್‌ವೇರ್ ಇವತ್ತು ಹೇಗಿದೆಯೋ ಹಾಗೇ ನಿಲ್ಲಿಸು. ಹೊಸ ಬಗ್ ಕಂಡರೆ ಒಂದು ಚೀಟಿಯಲ್ಲಿ ಬರೆದಿಡು. ಐದು ಅಧ್ಯಾಯ ಬಾಕಿ, ಒಂದಕ್ಕೆ ಸುಮಾರು 3,000 ಪದ ಅಂದಿದ್ದೀಯ. ದಿನಕ್ಕೆ 500 ಅಂದ್ರೂ 30 ದಿನ. ಲೆಕ್ಕ ಸುಲಭ, ನಾನೂ ಹಾಕುತ್ತಿದ್ದೆ, ಅದನ್ನ ಜಾಸ್ತಿ ನಂಬಬೇಡ. ಗೊತ್ತಿಲ್ಲದ ಕಡೆ "ಇಲ್ಲಿ ಜಗಳ" ಅಂತ ಬರೆದು ಮುಂದೆ ಹೋಗು, ಕರಡು ತಾನೇ.

ಆ ಭಯಕ್ಕೆ ಬರುತ್ತೇನೆ. ಒಳಗೆ ಕಥೆ ಇಲ್ಲದೆ ಹೋದರೆ ಅಂತ ಕೇಳಿದ್ದೀಯ, ಅಂದ್ರೆ ಈಗ ಇದೆ ಅಂತಾಯ್ತು ಅಲ್ವಾ? ನನ್ನನ್ನ ಶುರುವಿನಲ್ಲೇ ಯಾರಾದರೂ ಕೇಳಿದ್ದರೆ ಬಾಗಿಲ ಆಚೆ ಇದ್ದವರ ಹೆಸರು ಹೇಳಿಬಿಡುತ್ತಿದ್ದೆ. ಯಾರೂ ಕೇಳಲಿಲ್ಲ. ನಾನೂ ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ, ನಾಚಿಕೆ.

ಅದಕ್ಕೆ ನಾನು ಕೇಳುತ್ತಿದ್ದೇನೆ. ಹೋದ ಸಲ ಬಂದಾಗ ಓದಿ ಹೇಳಿದೆಯಲ್ಲ, ಆ ಹುಡುಗ ಅಪ್ಪನ ಪೆಟ್ಟಿಗೆಯ ಬೀಗದ ಕೈ ಬಾವಿಗೆ ಎಸೆದು ಮನೆಗೆ ಬರುತ್ತಾನೆ. ಆಮೇಲೆ? ಮುಂದಿನ ಪತ್ರದಲ್ಲಿ ಅಷ್ಟು ಬರಿ, ಸಾಫ್ಟ್‌ವೇರ್ ವಿಷಯ ಬೇಡ. ಅಕ್ಷರ ತಪ್ಪಿದ್ದರೂ ಪರವಾಗಿಲ್ಲ.

ನಿನ್ನ
ದೊಡ್ಡಪ್ಪ