ಅಮ್ಮನ ತಮ್ಮ ಬಂದ ಮನೆ

ಓಕ್‌ಲ್ಯಾಂಡ್, ಕ್ಯಾಲಿಫೋರ್ನಿಯಾ
ಭಾನುವಾರ

ಪ್ರೀತಿಯ ಅಪ್ಪ, ಅಮ್ಮ, ಪುಟ್ಟ,

ನಾನು ಇಲ್ಲಿ ಚೆನ್ನಾಗಿದ್ದೇನೆ. ಅಪ್ಪನ ಕೆಮ್ಮು ಕಡಿಮೆಯಾಯಿತಾ? ತಪ್ಪದೆ ಬರೆಯಿರಿ.

ಪುಟ್ಟಾ, ನಮ್ಮ ಸಸ್ಪೆನ್ಸ್ ನಿರ್ದೇಶಕ ಹಿಚ್‌ಕಾಕ್‌ನ ಸಿನಿಮಾಗಳಲ್ಲಿ ಒಂದನ್ನೇ ಆರಿಸು ಅಂದರೆ ಯಾವುದು ಅಂತ ಕೇಳಿದ್ದೀಯಲ್ಲ, ಅದಕ್ಕೆ ಉತ್ತರ ಇದು. ನೀನು ‘ಸೈಕೋ’ ಅಂತೀಯ. ಅಪ್ಪ ‘ರಿಯರ್ ವಿಂಡೋ’ ಬಿಟ್ಟುಕೊಡುವುದಿಲ್ಲ. ಎರಡೂ ನನಗೆ ಇಷ್ಟವೇ. ‘ರಿಯರ್ ವಿಂಡೋ’ದಲ್ಲಿ ಕಾಲು ಮುರಿದುಕೊಂಡು ಕೂತವನ ಒಂದು ಕಿಟಕಿಯಿಂದಲೇ ಇಡೀ ಕಥೆ ಹೇಳುವುದು ಸಣ್ಣ ಮಾತಲ್ಲ. ‘ವರ್ಟಿಗೋ’ವನ್ನಂತೂ 2012ರ ಒಂದು ಸಮೀಕ್ಷೆಯಲ್ಲಿ ವಿಮರ್ಶಕರು ಜಗತ್ತಿನ ಅತ್ಯುತ್ತಮ ಸಿನಿಮಾ ಅಂತ ಆರಿಸಿದ್ದರು. ಆದರೂ ನನ್ನ ಆಯ್ಕೆ 1943ರ ‘ಶ್ಯಾಡೋ ಆಫ್ ಎ ಡೌಟ್’. ತನ್ನ ಸಿನಿಮಾಗಳಲ್ಲಿ ಹಿಚ್‌ಕಾಕ್‌ಗೂ ಇದೇ ಅಚ್ಚುಮೆಚ್ಚು ಅಂತ ಅವನ ಮಗಳು ಪೆಟ್ರಿಷಿಯಾ ಹೇಳಿದ್ದಾಳೆ.

ಕಥೆ ನಡೆಯುವುದು ಸಾಂತಾ ರೋಸಾ ಅನ್ನುವ ಊರಿನಲ್ಲಿ. ಇಲ್ಲಿಂದ ಉತ್ತರಕ್ಕೆ ಕಾರಿನಲ್ಲಿ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ದಾರಿ. ಅಪ್ಪ ಬ್ಯಾಂಕ್ ನೌಕರ, ಅಮ್ಮ ಎಮ್ಮಾ, ಮೂರು ಮಕ್ಕಳು. ದೊಡ್ಡ ಮಗಳ ಹೆಸರು ಚಾರ್ಲಿ, ಸೋದರಮಾವನ ಹೆಸರನ್ನೇ ಇಟ್ಟಿದ್ದಾರೆ. ಆ ಮಾವ ಊರಿಗೆ ಬರುತ್ತಾನೆ. ಎಮ್ಮಾಳ ಮುದ್ದಿನ ತಮ್ಮ. ಅವನು ಶ್ರೀಮಂತ ವಿಧವೆಯರನ್ನು ಕೊಲ್ಲುವವನು ಅನ್ನುವ ಗುಮಾನಿ ನಮಗೆ ಬೇಗನೇ ಹತ್ತುತ್ತದೆ. ಮನೆಯವರಿಗೆ ಏನೂ ಗೊತ್ತಿಲ್ಲ.

ಅವನು ಬರುವ ರೈಲನ್ನು ನೋಡಬೇಕು. ನಿಲ್ದಾಣದ ಮೇಲೆಲ್ಲ ಕಪ್ಪು ಹೊಗೆ ಕವಿಯುತ್ತದೆ. ಹಿಚ್‌ಕಾಕ್ ಬೇಕೆಂದೇ ಅಷ್ಟು ಹೊಗೆ ಹಾಕಿಸಿದ್ದ. ಮನೆಯವರು ಮಾತ್ರ ನಗುತ್ತಾ ಓಡಿ ಬರುತ್ತಾರೆ.

ಸಸ್ಪೆನ್ಸ್ ಅಂದರೇನು ಅಂತ ಹಿಚ್‌ಕಾಕ್ ಯಾವಾಗಲೂ ಹೇಳುತ್ತಿದ್ದ ಉದಾಹರಣೆ ನೆನಪಿದೆಯಲ್ಲ? ಇಬ್ಬರು ಮಾತಾಡುತ್ತಾ ಕೂತಿದ್ದಾರೆ, ಮೇಜಿನ ಕೆಳಗೆ ಬಾಂಬ್ ಇದೆ. ಅದು ಅವರಿಗೆ ಗೊತ್ತಿಲ್ಲ, ನಮಗೆ ಗೊತ್ತು. ಈ ಸಿನಿಮಾದಲ್ಲಿ ಬಾಂಬೇ ಕುರ್ಚಿ ಎಳೆದುಕೊಂಡು ಊಟಕ್ಕೆ ಕೂರುತ್ತದೆ. ಒಂದು ರಾತ್ರಿ ಊಟದ ಹೊತ್ತಿಗೆ ಮಾವ ಆ ವಿಧವೆಯರ ಬಗ್ಗೆ ಮಾತಾಡತೊಡಗುತ್ತಾನೆ. ದನಿ ಏರಿಸುವುದಿಲ್ಲ. ಗಂಡಂದಿರು ದುಡಿದಿಟ್ಟದ್ದನ್ನು ತಿಂದು ಕೊಬ್ಬಿದ ಪ್ರಾಣಿಗಳು ಅನ್ನುವ ಹಾಗೆ ಮಾತಾಡುತ್ತಾನೆ. ಕ್ಯಾಮೆರಾ ಅವನ ಕೆನ್ನೆಯ ಪಕ್ಕದಿಂದ ಮೆಲ್ಲಗೆ ಹತ್ತಿರ ಹೋಗುತ್ತದೆ. ಅವರೂ ಮನುಷ್ಯರಲ್ವಾ ಅಂತ ಸೊಸೆ ಚಾರ್ಲಿ ಕೂಗುತ್ತಾಳೆ. ಅವಳು ನಮಗೆ ಕಾಣುವುದಿಲ್ಲ. ಅವನು ಮುಖ ತಿರುಗಿಸಿ ನೇರ ನಮ್ಮನ್ನೇ ನೋಡಿ, ಹೌದಾ ಅಂತ ಕೇಳುತ್ತಾನೆ. ಜೋಸೆಫ್ ಕಾಟನ್ ಮಾಡಿದ ಪಾತ್ರ ಅದು. ಒಂದು ತೊಟ್ಟು ರಕ್ತ ಕಾಣುವುದಿಲ್ಲ, ಚೀರಾಟವಿಲ್ಲ. ‘ಸೈಕೋ’ದ ಬಚ್ಚಲಮನೆಯ ಕೊಲೆಗಿಂತ ನನಗೆ ಈ ಊಟದ ಮೇಜೇ ಹೆಚ್ಚು ಭಯ ಹುಟ್ಟಿಸಿತು.

ಸೊಸೆಗೆ ನಿಜ ತಿಳಿಯುವುದು ಲೈಬ್ರರಿಯಲ್ಲಿ. ಮಾವ ಮನೆಯ ಪೇಪರಿನ ಒಂದು ಹಾಳೆಯನ್ನು ಮಾಯ ಮಾಡಿರುತ್ತಾನೆ. ಅದರಲ್ಲಿ ಏನಿತ್ತು ಅಂತ ಹುಡುಕಿಕೊಂಡು ಅವಳು ಬಾಗಿಲು ಹಾಕುವ ಹೊತ್ತಿಗೆ ಓಡುತ್ತಾಳೆ. ಸತ್ತ ಹೆಂಗಸಿನ ಹೆಸರಿನ ಮೊದಲಕ್ಷರಗಳು ಮಾವ ಕೊಟ್ಟ ಪಚ್ಚೆ ಉಂಗುರದ ಒಳಗೆ ಇವೆ! ಆಗ ಕ್ಯಾಮೆರಾ ಮೇಲಕ್ಕೆ ಮೇಲಕ್ಕೆ ಹೋಗುತ್ತದೆ. ಆ ದೊಡ್ಡ ಕೋಣೆಯಲ್ಲಿ ಅವಳು ಚಿಕ್ಕದಾಗುತ್ತಾ ಹೋಗುತ್ತಾಳೆ.

ಅಮ್ಮಾ, ಇಲ್ಲಿಂದ ನಿನಗೇ ಬರೆಯುತ್ತಿದ್ದೇನೆ. ನಮ್ಮ ಮಾವ ಬರುತ್ತಾನೆ ಅಂದರೆ ನಿನ್ನ ದನಿಯೇ ಬದಲಾಗುತ್ತದೆ ಅಲ್ವಾ? ಎಮ್ಮಾಳೂ ಹಾಗೆಯೇ. ತಮ್ಮ ಮತ್ತೆ ಹೊರಟ ಅಂದಾಗ ಅವಳು ಎಲ್ಲರ ಮುಂದೆ ಅತ್ತುಬಿಡುತ್ತಾಳೆ. ಚಿಕ್ಕಂದಿನಲ್ಲಿ ಎಷ್ಟು ಹತ್ತಿರವಿದ್ದೆವು, ಮದುವೆಯಾದ ಮೇಲೆ ನಾನು ಯಾರು ಅನ್ನುವುದೇ ಮರೆತುಹೋಗುತ್ತದೆ, ಗಂಡನ ಹೆಂಡತಿ ಅಷ್ಟೇ ಆಗಿಬಿಡುತ್ತೇವೆ ಅನ್ನುವ ಅರ್ಥದ ಮಾತಾಡುತ್ತಾಳೆ. ಮಗಳು ಬಾಯಿ ಬಿಡದಿರುವುದು ಇದಕ್ಕೇ. ನಿಜ ಹೇಳಿದರೆ ಅಮ್ಮ ಉಳಿಯುವುದಿಲ್ಲ ಅಂತ ಅವಳಿಗೆ ಗೊತ್ತು. ಬೇರೆ ಸಿನಿಮಾಗಳಲ್ಲಿ ಭಯ ಹೊರಗಿರುತ್ತದೆ, ಓಡಿಹೋಗಬಹುದು. ಇಲ್ಲಿ ಅದಕ್ಕೆ ಅಮ್ಮ ಕೈಯಾರೆ ಬಡಿಸುತ್ತಾಳೆ. ನಾನು ಇದನ್ನು ಆರಿಸಿದ್ದು ಅದಕ್ಕಾಗಿ.

ಹಿಚ್‌ಕಾಕ್‌ನ ತಾಯಿಯ ಹೆಸರೂ ಎಮ್ಮಾ. ಈ ಸಿನಿಮಾ ತಯಾರಾಗುತ್ತಿದ್ದಾಗ, 1942ರಲ್ಲಿ, ಆಕೆ ಇಂಗ್ಲೆಂಡಿನಲ್ಲಿ ತೀರಿಕೊಂಡರು. ಮಗ ಆಗ ಅಮೆರಿಕದಲ್ಲಿದ್ದ. ದೂರದಲ್ಲಿ ಕೂತು ಇದನ್ನು ಓದಿದಾಗ ನನಗೆ ತುಂಬಾ ಕಷ್ಟವಾಯಿತು.

ಹೋದ ಶನಿವಾರ ಸಾಂತಾ ರೋಸಾಗೆ ಹೋಗಿದ್ದೆ. ಕಲ್ಲಿನ ಹಳೆಯ ರೈಲು ನಿಲ್ದಾಣ ಈಗಲೂ ಇದೆ. ಮೆಕ್‌ಡೊನಾಲ್ಡ್ ಅವೆನ್ಯೂದಲ್ಲಿ ಆ ಮನೆಯೂ ಇದೆ. ಜನ ವಾಸವಾಗಿರುವ ಮನೆ, ರಸ್ತೆಯಿಂದಲೇ ನೋಡಿ ಬಂದೆ. ಯುದ್ಧದ ಕಾಲದಲ್ಲಿ ಸೆಟ್ಟಿಗೆ ಖರ್ಚು ಮಾಡಲು ಸರ್ಕಾರದ ಮಿತಿ ಇತ್ತು. ನಿಜವಾದ ಊರಿನಲ್ಲೇ ಶೂಟಿಂಗ್ ಮಾಡಿದ್ದಕ್ಕೆ ಅದೂ ಒಂದು ಕಾರಣ. ತಮ್ಮ ಮನೆ ಸಿನಿಮಾದಲ್ಲಿ ಬರುತ್ತದೆ ಅನ್ನುವ ಖುಷಿಗೆ ಮನೆಯವರು ಹೊಸ ಬಣ್ಣ ಹೊಡೆಸಿಬಿಟ್ಟಿದ್ದರಂತೆ. ಸಿನಿಮಾದವರು ಅದನ್ನು ಮತ್ತೆ ಹಳೆಯದರಂತೆ ಮಾಡಬೇಕಾಯಿತು. ಕನ್ನಡಕದ ಪುಟ್ಟ ತಂಗಿಯ ಪಾತ್ರ ಮಾಡಿದವಳು ಅದೇ ಊರಿನ ದಿನಸಿ ಅಂಗಡಿಯವರ ಮಗಳು. ಆ ಹುಡುಗಿ ಏನೂ ನಟಿಸುತ್ತಿಲ್ಲ ಅನ್ನುವಷ್ಟು ಸಹಜ.

ಪುಟ್ಟಾ, ಈ ವಾರ ಮೂವರೂ ಕೂತು ನೋಡಿ. ಹಿಚ್‌ಕಾಕ್ ರೈಲಿನಲ್ಲಿ ಇಸ್ಪೀಟು ಆಡುತ್ತಾ ಕೂತಿರುತ್ತಾನೆ, ತಪ್ಪಿಸಿಕೊಳ್ಳಬೇಡ. ಅಮ್ಮನಿಗೆ ಸಂಭಾಷಣೆ ಅರ್ಥವಾಗದ ಕಡೆ ನಿಲ್ಲಿಸಿ ಹೇಳು, ಆದರೆ ಕೊನೆ ಮಾತ್ರ ಮೊದಲೇ ಹೇಳಬೇಡ.

ಅಮ್ಮಾ, ನೋಡಿದ ಮೇಲೆ ಒಂದು ಮಾತು ಹೇಳು. ನೀನು ಎಮ್ಮಾ ಆಗಿದ್ದರೆ ನಿಜ ತಿಳಿಯಬೇಕು ಅನ್ನಿಸುತ್ತಿತ್ತಾ? ಫೋನಿನಲ್ಲಿ ಬೇಡ, ಬರೆದು ಕಳಿಸು.

ನಿಮ್ಮ ಪ್ರೀತಿಯ
ಮಗಳು